ಕೊಯ್ದು ನೋಡಿದ ಮೇಲೆ

ನಾವು ಗದಗಿನ ಕಡೆಯವರು. ನನ್ನ ಗಂಡ ಸಂಗಪ್ಪನವರಿಗೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸವಿತ್ತು. ಎರಕ ಹೊಯ್ದ ಕಬ್ಬಿಣದಲ್ಲಿ ಬಿರುಕು ಕಂಡರೆ ಕೆಂಪು ಬಣ್ಣ ಬಳಿಯುವುದು. ಬಿರುಕಿನ ಆಳ ತಿಳಿಯಬೇಕಾದರೆ ಕೊಯ್ದು ನೋಡುವುದು. ಕೊಯ್ದದ್ದು ಮತ್ತೆ ಕೆಲಸಕ್ಕೆ ಬಾರದು, ನೇರ ಗುಜರಿಗೆ. ನಿವೃತ್ತಿಯ ಮೇಲೆ ಆ ಕಣ್ಣು ಮನೆಗೆ ಬಂತು. ನಾನು ಬಡಿದ ರೊಟ್ಟಿಯ ಅಂಚು ಸೀಳಿದ್ದರೂ ಬಿಡುತ್ತಿರಲಿಲ್ಲ. ಮುಲಾಜಿಲ್ಲದ ಮನುಷ್ಯ.

ನನ್ನ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಾಗ, ಹೆಬ್ಬಾಳದ ಆಸ್ಪತ್ರೆಯಲ್ಲಿ ಅವರು ಮೊದಲು ಕೇಳಿದ್ದು, “ಯಾವ ಸ್ಟೇಜ್ ಐತ್ರಿ?”

“ಸ್ಕ್ಯಾನಲ್ಲಿ ಲಿವರ್, ಶ್ವಾಸಕೋಶಕ್ಕೆ ಹೋದಂಗೆ ಕಾಣ್ತಿಲ್ಲ. ಹಾಗಾಗಿ ನಾಲ್ಕಲ್ಲ,” ಎಂದರು ಡಾಕ್ಟರ್ ನಯನಾ. “ಕರುಳಿನ ಗೋಡೆಯಲ್ಲಿ ಎಷ್ಟು ಆಳ ಇಳಿದಿದೆ, ಅಕ್ಕಪಕ್ಕದ ಲಿಂಫ್ ಗಂಟುಗಳಿಗೆ ಹಬ್ಬಿದ್ಯಾ ಅನ್ನೋದು, ಆಪರೇಷನ್ ಮಾಡಿ, ತೆಗೆದ ಭಾಗನ ಲ್ಯಾಬಲ್ಲಿ ಕತ್ತರಿಸಿ ನೋಡಿದ್ಮೇಲೇ ಖಚಿತವಾಗಿ ಗೊತ್ತಾಗೋದು. ಗಂಟಿಗೆ ಹೋಗಿಲ್ಲ ಅಂದ್ರೆ ಒಂದೋ ಎರಡೋ. ಹೋಗಿದ್ರೆ ಮೂರು.”

ಕತ್ತರಿಸುವ ಮಾತು ಕೇಳಿದ್ದೇ ತಡ, ನನ್ನ ಗಂಡನ ಮುಖ ಬಿಳಿಚಿಕೊಂಡಿತು. ಬಿಇಎಲ್ ಸರ್ಕಲ್ಲಿನ ಜಾಮಿನಲ್ಲಿ ಆಟೊ ನಿಂತಾಗ ಬಾಯಿ ಬಿಟ್ಟರು.

“ಆಪರೇಷನ್ ಬ್ಯಾಡ ಗಂಗಾ. ಕೊಯ್ದು ನೋಡಿದ್ದು ಒಂದಾದ್ರೂ ತಿರುಗಿ ಬಂದದ್ದು ನಾ ಕಂಡಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. “ನಾ ಏನ್ ಕಬ್ಬಿಣದ ತುಂಡೇನ್ರೀ? ಅವರು ಕೊಯ್ದು ನೋಡೋದು ಗಡ್ಡೀನ, ನನ್ನಲ್ಲ. ಸಹಿ ನಾ ಮಾಡ್ತೀನಿ, ನೀವು ಸುಮ್ಮನ ಕೂಡ್ರಿ.”

ಆಪರೇಷನ್ ಆಯಿತು. ಲ್ಯಾಬಿನ ರಿಪೋರ್ಟ್ ಬಂದ ದಿನ ಡಾಕ್ಟರ ಕೋಣೆಗೆ ಅವರೊಬ್ಬರೇ ಹೋದರು. ನನಗೆ ಧೈರ್ಯ ಸಾಲಲಿಲ್ಲ. ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಕೂತೆ. ಈ ಮನುಷ್ಯ ಜನ್ಮದಲ್ಲಿ ಒಂದು ಸಲ ಸುಳ್ಳು ಹೇಳಲಿ, ಮೂರಿದ್ದರೂ ಎರಡು ಅನ್ನಲಿ ಎಂದು ದೇವರಲ್ಲಿ ಬೇಡಿಕೊಂಡೆ.

ಅವರು ಬಂದು ಪಕ್ಕದಲ್ಲಿ ಕೂತರು.

“ಮೂರು,” ಎಂದರು. “ಗಂಟಿಗೆ ಹೋಗೇತಿ.”

ಮದುವೆಯಾದಾಗಿನಿಂದ ನಾಲ್ಕು ಜನರೆದುರು ನನ್ನನ್ನು ಮುಟ್ಟದವರು, ಕೈ ಹಿಡಿದುಕೊಂಡರು.

“ಆದ್ರ ಗುಜರಿ ಅಲ್ಲ ಗಂಗಾ. ಕೀಮೊ ಕೊಡ್ತಾರಂತ. ರಿಪೇರಿ ಆಗತೈತಿ.”

ಅವರ ಬಾಯಲ್ಲಿ ರಿಪೇರಿ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅದು ಡಾಕ್ಟರು ಹೇಳಿದ್ದೋ, ನಾನು ಬೇಡಿಕೊಂಡ ಸುಳ್ಳೋ ತಿಳಿಯಲಿಲ್ಲ. ಡಾಕ್ಟರ ಬಾಗಿಲು ಎದುರಿಗೇ ಇತ್ತು, ಒಳಗೆ ಹೋಗಿ ಕೇಳಬಹುದಿತ್ತು.

“ಮನೀಗೆ ಹೋಗೋಣ ನಡೀರಿ,” ಎಂದೆ.