ಮುಖದಷ್ಟೇ ಉದ್ದದ ಕೈ

ಮತ್ತೆ ಕೈ ಚಿಕ್ಕದಾಯಿತು, ಉಳಿದದ್ದೆಲ್ಲ ಸರಿಯಿದೆ — ಎದ್ದು ನಿಂತರೆ ತಲೆಯ ಅಳತೆಗೆ ಏಳೂವರೆ ಪಟ್ಟಾಗುವ ಮೈ, ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗ, ಮೊಣಕೈ ತೊಡೆಯ ಮೇಲೆ — ಕೈ ಮಾತ್ರ ಗೊಂಬೆಯದು, ನಲವತ್ತು ವರ್ಷ ಬೀರು ಬಾಗಿಲುಗಳನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆದ ಬಡಗಿಗೆ ಇದೆಂಥ ಗತಿ, ಡ್ರಾಯಿಂಗ್ ಕ್ಲಾಸಿನ ಮೇಡಂ ಮೊನ್ನೆ ನಕ್ಕೇಬಿಟ್ಟರು, ಯಜಮಾನ್ರೇ, ನಿಮ್ ಮನುಷ್ಯರೆಲ್ಲ ಬೀರು ಥರ ನಿಂತಿರ್ತಾರೆ, ಇರ್ಲಿ, ಆದ್ರೆ ಕೈ ವಿಷಯದಲ್ಲಿ ಯಾಕಿಷ್ಟು ಜಿಪುಣತನ, ಗದ್ದದಿಂದ ಹಣೆಗೂದಲವರೆಗೆ ಮುಖ ಎಷ್ಟುದ್ದವೋ ಕೈನೂ ಅಷ್ಟೇ, ನಂಬಿಕೆ ಇಲ್ದಿದ್ರೆ ಮುಖದ ಮೇಲೆ ಇಟ್ಟು ನೋಡಿ. ಇಟ್ಟು ನೋಡುವ ಅಗತ್ಯ ಅವನಿಗಿರಲಿಲ್ಲ.

ಎದುರಿಗೆ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಗದ್ದಕ್ಕೆ ಕೈ ಕೊಟ್ಟು ಮಗಳು ಕೂತಿದ್ದಾಳೆ, ಮೂವತ್ತೈದು ತುಂಬಿದವಳು, ಕೆಲಸ ಬಿಟ್ಟ ಅಪ್ಪ ಗೋಡೆ ನೋಡುತ್ತ ಕೂರಬಾರದೆಂದು ಹಟ ಹಿಡಿದು ಕ್ಲಾಸಿಗೆ ಸೇರಿಸಿದವಳೂ ಇವಳೇ, ಅಪ್ಪಾ, ಬೇಗ ಮುಗಿಸು, ಕತ್ತು ಹಿಡ್ಕೊಳ್ತಿದೆ, ಆಯ್ತಮ್ಮ ಆಯ್ತು — ಪೆನ್ಸಿಲು ಚಾಚಿ, ಒಂದು ಕಣ್ಣು ಮುಚ್ಚಿ ಅಳೆಯುತ್ತಾನೆ, ಮಕ್ಕಳ ಅಳತೆಯೇ ಬೇರೆ ಎಂದಿದ್ದರು ಮೇಡಂ, ಏಳು ವರ್ಷದ ಮಗು ಅಂದರೆ ತಲೆಯ ಆರು ಪಟ್ಟು, ಏಳು ವರ್ಷ, ಬೇಡ, ಅದು ಬೇಡ, ಆದರೆ ನೆನಪು ಬಂದೇಬಿಟ್ಟಿತು, ಅವಳಿಗಾಗ ಏಳು, ಮರುದಿನ ಗಿರಾಕಿಗೆ ಒಪ್ಪಿಸಬೇಕಿದ್ದ ಬೀರುವಿನ ಬಾಗಿಲು, ಪಾಲಿಶ್ ಇನ್ನೂ ಹಸಿ, ಅದರ ಮೇಲೆ ಮೊಳೆಯಲ್ಲಿ ಗೀಚಿದ ಒಬ್ಬ ಮನುಷ್ಯ, ದಪ್ಪ ತಲೆ, ಕಡ್ಡಿ ಕಾಲು, ಇದು ನೀನೇ ಅಪ್ಪಾ ಎನ್ನುತ್ತ ಅವಳು ಮುಖ ಎತ್ತಿದ್ದಳು, ಕಣ್ಣು ಅರಳಿಸಿಕೊಂಡು, ಅವನ ಕೈ ಆ ಮುಖಕ್ಕಿಂತ ದೊಡ್ಡದಿತ್ತು, ಗದ್ದ, ಕೆನ್ನೆ, ಕಿವಿ ಎಲ್ಲ ಒಂದೇ ಏಟಿಗೆ ಅದರಡಿಗೇ ಬಂತು, ಅವಳು ಅಳಲೂ ಇಲ್ಲ, ಮೊಳೆಯನ್ನು ತಂದು ಡಬ್ಬಿಗೆ ಹಾಕಿದಳು, ಛೇ, ಒಂದು ಬಾಗಿಲು, ಇನ್ನೊಂದು ಸಲ ಪಾಲಿಶ್ ಹೊಡೆದರೆ ಮುಗಿಯುತ್ತಿತ್ತು, ಹೊಡೆದ, ಮುಗಿಯಿತು ಕೂಡ, ಗಿರಾಕಿಗೆ ಗೊತ್ತೇ ಆಗಲಿಲ್ಲ, ತಪ್ಪಾಯ್ತು ಮಗಳೇ ಎನ್ನಲು ಮಾತ್ರ ಇಪ್ಪತ್ತೆಂಟು ವರ್ಷ ಬಾಯಿಗೆ ಬೀಗ, ಅವಳಿಗೆ ನೆನಪಿರಲಿಕ್ಕಿಲ್ಲ, ಮರೆತಿದ್ದಾಳೆ, ಮರೆಯದಿದ್ದರೆ ಹೀಗೆ ಎದುರು ಬಂದು ಕೂರುತ್ತಿದ್ದಳೇ, ಮರೆತವಳಿಗೆ ನೆನಪಿಸುವುದೇಕೆ — ಎಲ್ಲಿ, ತೋರ್ಸು, ಅವಳು ಎದ್ದು ಬಂದಳು, ಹಾಳೆ ನೋಡಿ ನಕ್ಕಳು, ಅಯ್ಯೋ ಅಪ್ಪಾ, ಇದೇನು ಇಲಿ ಕೈ, ತಗೋ, ನಿನ್ ಕೈನೇ ಇಟ್ಟು ಅಳತೆ ನೋಡು ಎಂದು ಮುಖ ಒಡ್ಡಿದಳು, ನಗುತ್ತಲೇ, ಅವನು ಪೆನ್ಸಿಲು ಕೆಳಗಿಟ್ಟು ಕೈ ಎತ್ತಿದ, ಕೈ ಇನ್ನೂ ಗೇಣು ದೂರದಲ್ಲಿತ್ತು, ಅವಳ ತುಟಿಯ ಮೇಲೆ ನಗು ಹಾಗೇ ಇತ್ತು, ಕಣ್ಣು ಮಾತ್ರ ಮುಚ್ಚಿಕೊಂಡವು, ಬಿಗಿಯಾಗಿ, ಎರಡೂ ಕಣ್ಣು, ಗೇಣು ದೂರದಲ್ಲೇ, ರೆಪ್ಪೆ ಅದುರುತ್ತ, ಬಿಗಿಯಾಗಿ ಮುಚ್ಚಿದ ಕಣ್ಣು