ಚೀನಾದವರು ಬಂದ್ ಮಾಡಿದ ಮಷಿನ್

ಸುಳ್ಳು ಹೇಳಬೇಕೆಂದು ಮನೆಯಿಂದ ಹೊರಟವನಲ್ಲ ಸೂರ್ಯಕಾಂತ. ವೈರು ಕೀಳಬೇಕೆಂದು ಹೊರಟಿದ್ದ, ಅದು ನಿಜ. ಆದರೆ ಕಿತ್ತ ಮೇಲೆ ಸಾಹುಕಾರ ಕೇಳಿದರೆ ಏನು ಹೇಳಬೇಕು ಅನ್ನುವುದನ್ನೇ ಆ ಪುಣ್ಯಾತ್ಮ ಯೋಚಿಸಿರಲಿಲ್ಲ. ಕಳ್ಳತನಕ್ಕೆ ಹೊಸಬರು ಮಾಡುವ ತಪ್ಪೇ ಇದು.

ಆಳಂದದ ಹೊರವಲಯದಲ್ಲಿ ಹರಿ ಸಾಹುಕಾರರ ತೊಗರಿಬೇಳೆ ಮಿಲ್ಲು. ಎರಡು ವರ್ಷದ ಹಿಂದೆ ಅಲ್ಲಿಗೆ ಚೀನಾದ ಒಂದು ಮಷಿನ್ ಬಂತು. ಮೇಲಿಂದ ಬೇಳೆ ಸುರಿದರೆ ಒಳಗಿನ ಕ್ಯಾಮೆರಾ ಒಂದೊಂದನ್ನೂ ನೋಡಿ, ಕಪ್ಪಾದದ್ದನ್ನು ಗಾಳಿಯಿಂದ ಊದಿ ಆಚೆ ತಳ್ಳುತ್ತದೆ. ಅದಕ್ಕೂ ಮೊದಲು ಆ ಕೆಲಸವನ್ನು ಹೆಂಗಸರು ಮೊರ ಹಿಡಿದು ಕೂತು ಮಾಡುತ್ತಿದ್ದರು. ಅವರಲ್ಲಿ ಸೂರ್ಯಕಾಂತನ ಅಕ್ಕ ಭಾಗಮ್ಮನೂ ಒಬ್ಬಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳು. "ನನ್ನ ತಮ್ಮಗ ಒಂದು ಕೆಲಸ ಕೊಡ್ರಿ ಸಾವಕಾರ್ರೆ" ಎಂದು ಸೆರಗೊಡ್ಡಿ ಬೇಡಿ ಅವನನ್ನು ಮಿಲ್ಲಿಗೆ ಸೇರಿಸಿದವಳೂ ಅವಳೇ. ತಮ್ಮ ಮಷಿನ್ ನಡೆಸಲು ಕಲಿತ, ಪಗಾರ ಹೆಚ್ಚಾಯಿತು. ಅಕ್ಕನನ್ನೂ ಉಳಿದ ಹೆಂಗಸರನ್ನೂ ಸಾಹುಕಾರರು ಮನೆಗೆ ಕಳಿಸಿದರು.

ಮನೆಗೆ ಅಂದರೆ ಕೂತು ಉಣ್ಣಲಿಕ್ಕಲ್ಲ. ಭಾಗಮ್ಮ ಅಫಜಲಪುರದ ಕಡೆ, ಹವಳಗಾದ ಸುತ್ತಮುತ್ತ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋದಳು. ಐವತ್ತು ದಾಟಿದ ಹೆಂಗಸು, ಹೊಲದ ಬದುವಿನಲ್ಲಿ ತಾಡಪತ್ರಿಯ ಗುಡಿಸಲು, ತಲೆಯ ಮೇಲೆ ಕಬ್ಬಿನ ಹೊರೆ. ಈ ವರ್ಷ ತೊಗರಿ ರಾಶಿ ಮುಗಿಯುವ ಹೊತ್ತಿಗೆ ಕಬ್ಬು ಕಡಿಯುವ ಕೊಯ್ತಾ ತಪ್ಪಿ ಪಾದಕ್ಕೆ ಬಡಿದು, ಕುಂಟುತ್ತ ಬಂದಳು.

"ಏನಾಗಿಲ್ಲ ಬಿಡೋ ತಮ್ಮಾ, ಗಾಯ ಮಾಯ್ತದ. ಒಂದು ವಾರ ಬಿಟ್ಟು ಮತ್ತ ಹೋಗ್ತೇನಿ" ಅಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಬೈಯಲಿಲ್ಲ. ಅದೇ ಅವನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಮರುದಿನ ಮುಂಜಾನೆ ಮಿಲ್ಲಿನಲ್ಲಿ ಯಾರೂ ಇಲ್ಲದಾಗ ಮಷಿನಿನ ಹಿಂಬಾಗಿಲು ತೆರೆದ. ಕ್ಯಾಮೆರಾಗೆ ಹೋಗುವ ಗೇಣುದ್ದದ ವೈರನ್ನು ಕಿತ್ತು ಬುತ್ತಿ ಚೀಲಕ್ಕೆ ಹಾಕಿಕೊಂಡ. ಮಷಿನ್ ಒಮ್ಮೆ ಕೂಗಿತು. ಪರದೆಯ ಮೇಲೆ ಕೆಂಪು ಬಣ್ಣದ ಚೀನೀ ಅಕ್ಷರಗಳು ಮೂಡಿ ಮಿಣುಕತೊಡಗಿದವು.

ಹರಿ ಸಾಹುಕಾರರು ಬಂದು ನೋಡಿದರು. "ಏನ್ಲೇ ಸೂರ್ಯಾ ಇದು?"

"ಗೊತ್ತಾಗವಲ್ದರಿ."

"ಗೊತ್ತಾಗವಲ್ದು ಅಂದ್ರ ಹೆಂಗಲೇ? ಹಂಗಾಮದಾಗ ಮಷಿನ್ ನಿಂತ್ರ ನಾ ಏನ್ ಮಣ್ಣು ತಿನ್ಲಿ? ಏನಂತ ಬರದದ ಅಲ್ಲಿ?"

ಸೂರ್ಯಕಾಂತ ಪರದೆಯ ಕಡೆ ನೋಡಿದ. ಮಷಿನ್ ಕೂರಿಸಿದಾಗ ಇಂಜಿನಿಯರ್ ಚೀನಾದಲ್ಲೇ ಕೂತು, ನೆಟ್‌ನಲ್ಲಿ ಇಲ್ಲಿಯ ಪರದೆ ನೋಡಿ ಅದನ್ನು ಸರಿಮಾಡಿದ್ದು ನೆನಪಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಚೀನಾದವ್ರು ಅಲ್ಲಿಂದ್ಲೇ ಬಂದ್ ಮಾಡ್ಯಾರ ಕಾಣ್ತದ್ರಿ."

ಇನ್ನು ಬಯ್ಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿ ನಿಂತ. ಬೀಳಲಿಲ್ಲ. ಸಾಹುಕಾರರ ಮುಖ ಅರಳಿತು ಅಂದರೆ ನಂಬುತ್ತೀರಾ? "ನಾ ಅಂದಿಲ್ಲೇನು!" ಎಂದು ತೊಡೆ ತಟ್ಟಿದರು. "ಅತ್ಲಾಗ ಗಡಿಗೆ ಫೌಜು ತಂದು ನಿಂದ್ರಿಸ್ಯಾರ, ಇತ್ಲಾಗ ನಮ್ಮ ಹೊಟ್ಟಿ ಮ್ಯಾಲ ಹೊಡ್ಯಾಕತ್ಯಾರ ಹಲ್ಕಟ್ ಮಂದಿ!" ಪುಣೆಯ ಡೀಲರಿಗೆ ಫೋನು ಹಚ್ಚಿದರು. ಅವನೋ, ಚೀನಾದ ಇಂಜಿನಿಯರೇ ಬಂದು ನೋಡಬೇಕು, ಅವರಿಗೆ ವೀಸಾ ಸಿಗುವುದು ತಿಂಗಳುಗಟ್ಟಲೆ ತಡ, ನಮ್ಮ ಸರ್ಕಾರ ಬಿಗಿ ಮಾಡಿದೆ ಅಂದ. ಸಾಹುಕಾರರಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಸುದ್ದಿ ಆಳಂದದ ತುಂಬ ಹರಡಿತು.

ಹೆಂಗಸರಿಗೆ ಕರೆ ಹೋಯಿತು. ಭಾಗಮ್ಮ ಪಟ್ಟಿ ಕಟ್ಟಿದ ಕಾಲನ್ನು ಚಾಚಿ ತನ್ನ ಹಳೇ ಜಾಗದಲ್ಲೇ ಕೂತು, ಮೊರ ಆಡಿಸುತ್ತ ನಕ್ಕಳು. "ಬಂದ್ ಮಾಡಿದವ್ರ ಹೊಟ್ಟಿ ತಣ್ಣಗಿರ್ಲಿ ಯವ್ವಾ!" ಹೆಂಗಸರೆಲ್ಲ ಗೊಳ್ಳೆಂದರು. ಸೂರ್ಯಕಾಂತನೂ ನಕ್ಕ. ಆ ಒಂದು ವಾರ ಅವನಷ್ಟು ಸುಖಿ ಆ ತಾಲೂಕಿನಲ್ಲೇ ಇರಲಿಲ್ಲ.

ಆಮೇಲೆ ಬಂದರು ಅತುಲ ಸರ್. ಸಾಹುಕಾರರ ತಮ್ಮ, ಪಟ್ಟಣದ ಒಂದು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವರು. ಓದಿಕೊಂಡ ಮನುಷ್ಯ, ಮೆತ್ತಗೆ ಮಾತಾಡುವವರು. ಕಾಲೇಜಿನಲ್ಲಿ ವಿಚಾರ ಸಂಕಿರಣ ಇಟ್ಟುಕೊಂಡಿದ್ದರು: ಚೀನಾದ ಸೈನ್ಯ ಮತ್ತು ಆರ್ಥಿಕ ಬಲ ಬೆಳೆಯುತ್ತಿರುವಾಗ ನಮ್ಮ ವಿದೇಶಾಂಗ ನೀತಿ ಹೇಗಿರಬೇಕು? "ಡೆಲ್ಲಿಯ ಮಾತು ಹುಡುಗ್ರಿಗೆ ಮುಟ್ಟಂಗಿಲ್ಲ ಸೂರ್ಯಕಾಂತ. ನೀ ಬಂದು ಕಣ್ಣಾರೆ ಕಂಡದ್ದು ಹೇಳು" ಅಂದರು.

"ನಾ ಯಾಕ್ರಿ ಸರ, ನನಗೇನು ತಿಳೀತದ" ಎಂದು ಕೈಮುಗಿದ. ಸಾಹುಕಾರರು ಬಿಡಬೇಕಲ್ಲ.

ಸಭೆಯಲ್ಲಿ ಸೂರ್ಯಕಾಂತ ವೇದಿಕೆಯ ಮೇಲೆ, ಕುರ್ಚಿಯ ತುದಿಯಲ್ಲಿ ಕೂತಿದ್ದ. ಅತುಲ ಸರ್ ಬಹಳ ಚೆನ್ನಾಗಿ ಮಾತಾಡಿದರು, ಸುಳ್ಳು ಹೇಳಬಾರದು. ಗಡಿಯಲ್ಲಿ ರಸ್ತೆ, ಸುರಂಗ ಕಟ್ಟಿ ಸೈನ್ಯ ಬಲಪಡಿಸಬೇಕು ಅನ್ನುವವರಿದ್ದಾರೆ. ಚೀನಾವನ್ನು ಕಂಡರಾಗದ ಬೇರೆ ದೇಶಗಳ ಜೊತೆ ಕೈಜೋಡಿಸಬೇಕು ಅನ್ನುವವರಿದ್ದಾರೆ. ವ್ಯಾಪಾರವನ್ನೇ ಕಡಿದುಹಾಕಿ ಅನ್ನುವವರೂ ಇದ್ದಾರೆ. ಆದರೆ ನಾವು ನುಂಗುವ ಗುಳಿಗೆಯ ಕಚ್ಚಾ ಮಾಲಿನಿಂದ ಹಿಡಿದು ಬೇಳೆ ಆರಿಸುವ ಮಷಿನಿನವರೆಗೆ ಅಲ್ಲಿಂದ ಬರುವಾಗ ಕಡಿಯುವುದು ಹೇಗೆ? ಹೀಗೆ ಒಂದೊಂದೇ ಬಿಡಿಸಿ ಹೇಳಿ, ಕೊನೆಗೆ ಅಂದರು: "ಎದುರಾಳಿ ಬೆಳೆದಾಗ ಒಂದು ದೇಶ ಮಾಡುವ ದೊಡ್ಡ ತಪ್ಪುಗಳು ಎರಡು. ಅವನನ್ನು ಕಾಣದೇ ಇರುವುದು ಒಂದು. ಎಲ್ಲದರಲ್ಲೂ ಅವನನ್ನೇ ಕಾಣುವುದು ಇನ್ನೊಂದು."

ಸೂರ್ಯಕಾಂತ ಬೆಚ್ಚಿಬಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈ ತಾನಾಗಿ ಜೇಬಿಗೆ ಹೋಯಿತು. ವೈರು ಅಲ್ಲೇ ಇತ್ತು. ಮನೆಯಲ್ಲಿಟ್ಟರೆ ಅಕ್ಕ ನೋಡಿಯಾಳೆಂದು ಹೊತ್ತುಕೊಂಡೇ ತಿರುಗುತ್ತಿದ್ದ.

ಮೈಕು ಕೈಗೆ ಬಂತು. 'ನನಗೆ ಖಚಿತವಾಗಿ ಗೊತ್ತಿಲ್ಲ' ಎಂದು ಹೇಳಿ ಕೂತುಬಿಡಬೇಕು ಅಂತಲೇ ಎದ್ದಿದ್ದ. ಆದರೆ ಹುಡುಗರು ಚಪ್ಪಾಳೆ ಹೊಡೆದರು. ಜೀವಮಾನದಲ್ಲಿ ಯಾರೂ ಅವನಿಗೆ ಚಪ್ಪಾಳೆ ಹೊಡೆದಿರಲಿಲ್ಲ. "ಕೆಂಪ್ ಅಕ್ಷರ ಬಂದ್ವರಿ" ಅಂದ. "ಆಮ್ಯಾಲ ಮಷಿನ್ ಜೀವ ಹೋದಂಗ ನಿಂತ್ ಬಿಡ್ತರಿ. ಅಲ್ಲಿ ಕುಂತು ಒಂದು ಬಟನ್ ಒತ್ತಿದ್ರ ಇಲ್ಲಿ ನಮ್ಮ ಒಲಿ ಆರ್ತದ್ರಿ!" ಸಭೆ ಕೇಕೆ ಹಾಕಿತು. ಆ ಕೊನೆಯ ಮಾತು ಎಲ್ಲಿಂದ ಬಂತೋ ಅವನಿಗೇ ತಿಳಿಯದು. ಹೇಳುವಾಗ ಹಿತವಾಗಿತ್ತು. ಆ ಹಿತವೊಂದಕ್ಕೆ ಮಾತ್ರ ಅವನು ಮುಂದೆ ತನ್ನನ್ನು ತಾನು ಕ್ಷಮಿಸಲಾರದೆ ಹೋದ.

ಶಾಲು ಹೊದಿಸಿ ಸನ್ಮಾನ ಮಾಡಿದರು. ಒಬ್ಬ ವಿದ್ಯಾರ್ಥಿ ಎದ್ದು, "ಸರ, ನಾವು ಆಳಂದದಾಗ ಕುಂತವ್ರು ಏನ್ ಮಾಡ್ಬೇಕ್ರಿ?" ಎಂದು ಕೇಳಿದ. ಊಟದ ಹೊತ್ತಾಗಿತ್ತು. ಅತುಲ ಸರ್ ಗಡಿಯಾರ ನೋಡಿ, "ಎಚ್ಚರದಿಂದಿರಬೇಕು" ಅಂದರು. ಹುಡುಗರು ಆ ಎಚ್ಚರವನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರು.

ಬಸ್ ಸ್ಟ್ಯಾಂಡಿನ ಬಗಲಿಗೆ ಬಾದೂರನ ಗೋಬಿ ಮಂಚೂರಿಯ ತಳ್ಳುಗಾಡಿ. ನೇಪಾಳದವನು, ಹತ್ತು ಹನ್ನೆರಡು ವರ್ಷದಿಂದ ಇಲ್ಲೇ ಇದ್ದು ಆಳಂದದ ಕನ್ನಡವನ್ನು ಆಳಂದದವರ ಹಾಗೇ ಆಡುವವನು. ಪಗಾರದ ದಿನ ಸೂರ್ಯಕಾಂತ ಅಲ್ಲೇ ನಿಂತು ಎಗ್ ರೈಸ್ ತಿನ್ನುತ್ತಿದ್ದ. ಮೊದಮೊದಲು ವ್ಯಾಪಾರ ಕುಂಟುತ್ತಿದ್ದಾಗ, "ಚೈನೀಸ್ ಅಂತ ಬೋರ್ಡ್ ಬರಸಲೇ, ಮಂದಿ ಮುಕುರ್ತಾರ" ಎಂದು ಬುದ್ಧಿ ಹೇಳಿದವನು ಸೂರ್ಯಕಾಂತನೇ. ಬಾದೂರ ಕೆಂಪು ಬಣ್ಣದಲ್ಲಿ 'ಚೈನೀಸ್ ಸೆಂಟರ್' ಎಂದು ಬರೆಸಿದ. ಮಂದಿ ಮುಕುರಿದ್ದೂ ನಿಜ.

ಸೂರ್ಯಕಾಂತ ಶಾಲು ಮಡಚಿ ಬಗಲಲ್ಲಿಟ್ಟುಕೊಂಡು ಆ ದಾರಿಯಾಗಿ ಬರುವಾಗ ಗಾಡಿ ಮಗ್ಗುಲಾಗಿ ಬಿದ್ದಿತ್ತು. ಗೋಬಿ ಮಣ್ಣಿನಲ್ಲಿ, ಎಣ್ಣೆ ಗಟಾರದಲ್ಲಿ. ಹುಡುಗರು ಕೂಗಿ ಕೂಗಿ ದಣಿದು ಹೋಗಿಯಾಗಿತ್ತು. ಬಾದೂರ ಕಟ್ಟೆಯ ಮೇಲೆ ಕೂತು ಮೊಣಕೈಗೆ ನೀರು ಸುರಿದುಕೊಳ್ಳುತ್ತಿದ್ದ. ಕಾದ ಎಣ್ಣೆ ಸಿಡಿದು ಚರ್ಮ ಬೊಬ್ಬೆ ಎದ್ದಿತ್ತು.

"ಸೂರ್ಯಣ್ಣ" ಅಂದ, ಅವನನ್ನು ಕಂಡದ್ದೇ ಧೈರ್ಯ ಬಂದವನ ಹಾಗೆ. "ನಾ ಚೀನಾದಾಂವ ಅಲ್ಲಂತ ನಿನಗ ಗೊತ್ತದಲ್ಲ. ನಿನ್ನ ಮಾತು ಕೇಳ್ತಾರ ಅವ್ರು. ಮೈಕಿನಾಗ ಮಾತಾಡಿದಿ ಅಂತಲ್ಲ. ಜರಾ ಹೇಳೋ ಅವ್ರಿಗೆ."

"ಹೇಳ್ತೇನಿ" ಅಂದ ಸೂರ್ಯಕಾಂತ. ಜೇಬಿನ ವೈರು ತೊಡೆಗೆ ಒತ್ತುತ್ತಿತ್ತು. ನಿಲ್ಲಲಾಗದೆ ಮನೆಗೆ ಬಂದುಬಿಟ್ಟ.

ಬಂದವನೇ ಅಕ್ಕನ ಮುಂದೆ ಎಲ್ಲವನ್ನೂ ಕಕ್ಕಿದ. ಭಾಗಮ್ಮ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ತವೆಯ ಮೇಲಿನ ರೊಟ್ಟಿ ಕರಕಾಯಿತು.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ" ಅಂದಳು ಕೊನೆಗೆ. "ಆ ಬಡವ ನಿನಗೇನ್ ಮಾಡಿದ್ನೋ ಸೂರ್ಯಾ?"

"ನಿನ್ನ ಸಲುವಾಗಿ ಮಾಡೀನಿ ಅಕ್ಕ."

"ನನ್ನ ಹೆಸರು ತರಬ್ಯಾಡ! ನಾ ಕಬ್ಬು ಕಡದು ಉಣ್ತೇನಿ, ಮಂದಿ ಕೈ ಸುಟ್ಟು ಉಣ್ಣಂಗಿಲ್ಲ. ನಾಳಿ ಹೋಗಿ ವೈರು ಹಾಕು, ಸಾವಕಾರ್ರ ಮುಂದ ಬಾಯಿಬಿಟ್ಟು ಹೇಳು. ಕೆಲಸ ಹೋದ್ರ ಹೋಗವಲ್ದ್ಯಾಕ."

ಅವಳು ಹೇಳಿದ್ದು ಎರಡು ಕೆಲಸ. ಸೂರ್ಯಕಾಂತ ಮಾಡಿದ್ದು ಒಂದು. ಹೇಳುವುದಕ್ಕೂ ಹಾಕುವುದಕ್ಕೂ ಎಷ್ಟು ಅಂತರ ಅನ್ನುವುದು ಹಾಕಿದವನಿಗೇ ಗೊತ್ತು. ಬೆಳಿಗ್ಗೆ ಸದ್ದಿಲ್ಲದೆ ವೈರು ಸಿಕ್ಕಿಸಿ, ಹಿಂಬಾಗಿಲು ಮುಚ್ಚಿ, ಮೋಟಾರು ಒರೆಸುವವನ ಹಾಗೆ ದೂರ ನಿಂತ. ಮಷಿನ್ ಚಾಲೂ ಆದರೆ ಚೀನಾದ ಮೇಲಿನ ಸಿಟ್ಟೂ ತಣ್ಣಗಾದೀತು, ಬಾದೂರನ ತಂಟೆಗೂ ಯಾರೂ ಹೋಗಲಿಕ್ಕಿಲ್ಲ, ತನ್ನ ಮಾನವೂ ಉಳಿದೀತು. ಅವನ ಲೆಕ್ಕ ಇದು.

ಸಾಹುಕಾರರು ಬಂದರು. ಬೇಳೆ ಜುಳುಜುಳು ಇಳಿಯುತ್ತಿತ್ತು. ಒಂದು ಗಳಿಗೆ ಬಾಯಿ ತೆರೆದು ನಿಂತು, ಆಮೇಲೆ ಕುಣಿಯುವುದೊಂದು ಬಾಕಿ.

"ಅಂಜ್ಯಾರಲೇ! ನಮ್ಮ ಸಭಾ ಪೇಪರಿನಾಗ ಬಂತು, ಹುಡುಗ್ರು ಬಸ್ ಸ್ಟ್ಯಾಂಡಿನಾಗ ಗರ್ಜಿಸಿದ್ರು, ಅಲ್ಲಿ ಅವ್ರ ಚಡ್ಡಿ ಒದ್ದಿ ಆಗ್ಯಾದ! ಚಾಲೂ ಮಾಡ್ಯಾರ ನೋಡು!"

ಪೇಢೆ ತರಿಸಿದರು. ಮಿಲ್ಲಿನಲ್ಲೆಲ್ಲ ಹಂಚಿದರು. ಹೆಂಗಸರಿಗೂ ಒಂದೊಂದು ಪೇಢೆ ಕೊಟ್ಟು, ನಾಳೆಯಿಂದ ಬರುವುದು ಬೇಡ ಅಂದರು.

ಸೂರ್ಯಕಾಂತನ ಲೆಕ್ಕ ತಪ್ಪಿತು. ಸಾಹುಕಾರರ ಹಿಂದೆಯೇ ಆಫೀಸಿನೊಳಗೆ ಹೋಗಿ, ಬಾಗಿಲು ಮುಚ್ಚಿ, "ಸಾವಕಾರ್ರೆ, ವೈರು ನಾನ ಕಿತ್ತಿದ್ದೆ. ಚೀನಾದವ್ರು ಏನೂ ಮಾಡಿಲ್ರಿ" ಅಂದ. ಅಂತೂ ಅಂದ.

ಹರಿ ಸಾಹುಕಾರರು ಅವನನ್ನು ದಿಟ್ಟಿಸಿದರು. ಅವರ ಕುತ್ತಿಗೆಯ ನರ ಉಬ್ಬಿತು, ಕೈ ಚಪ್ಪಲಿಯ ಕಡೆ ಹೋಯಿತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಪೇಪರು ಕಣ್ಣಿಗೆ ಬಿತ್ತು. ಅದರಲ್ಲಿ ಅವರ ಫೋಟೋ, ತಮ್ಮನ ಫೋಟೋ, ನಡುವೆ ಶಾಲು ಹೊದ್ದ ಸೂರ್ಯಕಾಂತ. ಸಾಹುಕಾರರು ಚಪ್ಪಲಿ ಮೆಟ್ಟಿಕೊಂಡು ಸಾವಕಾಶವಾಗಿ ಕೂತರು.

"ಇದು ನನ್ನ ಕಿವಿಗೆ ಬಿದ್ದಿಲ್ಲ, ನಿನ್ನ ಬಾಯಿಂದ ಬಂದಿಲ್ಲ. ತಿಳೀತಿಲ್ಲೋ? ಯಾರ್ ಕೇಳಿದ್ರೂ ಚೀನಾ." ಒಂದು ಪೇಢೆ ಅವನ ಅಂಗೈಯಲ್ಲಿಟ್ಟರು. "ಹೋಗು, ಮಷಿನ್ ನೋಡು."

ಅವನು ಹೋಗಿ ಮಷಿನ್ ನೋಡಿದ. ನಾಚಿಕೆಗೇಡು ಅಂದರೆ ಇದಕ್ಕಿಂತ ಬೇರೆ ಇಲ್ಲ.

ಮರುದಿನ ಭಾಗಮ್ಮ ಗಾಯ ಪೂರ್ತಿ ಮಾಯುವ ಮೊದಲೇ ಗ್ಯಾಂಗಿನ ಟ್ರ್ಯಾಕ್ಟರ್ ಹತ್ತಿದಳು. "ಹೇಳಿದೇನು?" ಎಂದು ಕೇಳಿದಳು. "ಸಾವಕಾರ್ರಿಗೆ ಹೇಳೀನಿ ಅಕ್ಕ" ಅಂದ. "ಮತ್ತ ಊರಿಗೆ?" ಅಂದಳು. ಅವನು ಅವಳ ಗಂಟನ್ನು ಎತ್ತಿಕೊಟ್ಟ. ಟ್ರ್ಯಾಕ್ಟರ್ ಅಫಜಲಪುರದ ದಾರಿ ಹಿಡಿಯಿತು.

ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ಬಂದ. ಗಾಡಿಯ ಜಾಗ ಬಣಬಣ. ಬಾದೂರ ನಿನ್ನೆಯೇ ಸೊಲ್ಲಾಪುರದ ಬಸ್ಸು ಹತ್ತಿದನೆಂದು ಪಕ್ಕದ ಪಾನ್ ಅಂಗಡಿಯ ಅಮೀರ ಹೇಳಿದ. ಸೂರ್ಯಕಾಂತ ನಿಂತಲ್ಲಿಂದಲೇ ಫೋನು ಹಚ್ಚಿದ.

"ಸೂರ್ಯಣ್ಣ!" ಎಂದಿತು ಆ ಕಡೆಯ ದನಿ, ಎಷ್ಟು ಆಸೆಯಿಂದ! "ಮಷಿನ್ ಚಾಲೂ ಆಯ್ತಂತ, ಅಮೀರಭಾಯಿ ಹೇಳ್ದ. ಅಂದ್ರ ಚೀನಾದ ಜೋಡಿ ಜಗಳ ಮುಗೀತಲ್ಲ? ಇನ್ನ ನಾ ಬರಬಹುದಲ್ಲ?"

"ಬಾದೂರ, ಜಗಳನ ಇದ್ದಿಲ್ಲೋ. ಆ ವೈರು ನಾನ ಕಿತ್ತಿದ್ದೆ. ನನ್ನ ತಪ್ಪು. ನಿನ್ನ ಕಾಲು ಹಿಡೀತೇನಿ."

ಬಾದೂರ ಬೈಯಲಿಲ್ಲ. ಈ ಬೈಯದೇ ಇರುವವರ ಕೈಗೇ ಸಿಗಬೇಕೆಂದು ಇವನ ಹಣೆಯಲ್ಲಿ ಬರೆದಿತ್ತೋ ಏನೋ.

"ಇದನ್ನ ನನಗ ಯಾಕ ಹೇಳ್ತಿ ಸೂರ್ಯಣ್ಣ?" ಅಂದ. "ನನ್ನ ಗಾಡಿ ನಾ ಕೆಡವಿಲ್ಲಲ್ಲ. ಕೆಡವಿದವ್ರಿಗೆ ಹೇಳು." ಫೋನು ಇಟ್ಟುಬಿಟ್ಟ.

ಎದುರಿನ ಚಹಾದಂಗಡಿಯಲ್ಲಿ ಕಾಲೇಜಿನ ಹುಡುಗರು ಕೂತಿದ್ದರು. ಅವರೇ, ಅದೇ ಹುಡುಗರು. ಸೂರ್ಯಕಾಂತ ರಸ್ತೆ ದಾಟಿ ಅವರ ಮುಂದೆ ಹೋಗಿ ನಿಂತ. ಹೇಳಬೇಕಾದ ಮಾತು ಬಾಯಿಗೇ ಬಂದಿತ್ತು. ಅವನನ್ನು ಕಂಡು ಹುಡುಗರು ದಡಬಡಿಸಿ ಎದ್ದರು. ಒಬ್ಬ ಬೆಂಚನ್ನು ಕೈಯಿಂದ ಒರೆಸಿದ.

"ಬರ್ರಿ ಅಣ್ಣಾರ, ಕೂಡ್ರಿ. ಏ, ನಮ್ಮ ಸೂರ್ಯಣ್ಣಗ ಒಂದು ಚಹಾ ಕೊಡೋ, ಸ್ಪೆಷಲ್!"

ಸೂರ್ಯಕಾಂತ ಕೂತ. ಚಹಾ ಬಂತು. ಕುಡಿದ.