ಎಮ್ಮೆಗರು ಮಲಗುವ ಜಾಗ

ಅತ್ತೆಯ ಹೆಣಕ್ಕೆ ಹುಯ್ಯಲು ನೀರು ಹೊತ್ತು ಬರುತ್ತಿದ್ದ ಪ್ರತಿಮಾ, ತೋಪಿನ ಕಡೆ ಗುದ್ದಲಿ ಸದ್ದು ಕೇಳಿದ್ದೇ ಕೊಡವನ್ನು ದಾರಿಯಲ್ಲೇ ಕುಕ್ಕಿ ಓಡಿದಳು. ದೊಡ್ಡ ಹೊಂಗೆಮರದ ಬುಡದಲ್ಲಿ ಆಗಲೇ ಮೊಣಕಾಲುದ್ದ ಗುಂಡಿ ಬಿದ್ದಿತ್ತು. ಇಡೀ ತೋಪಿನಲ್ಲಿ ಮಧ್ಯಾಹ್ನದ ದಟ್ಟ ನೆರಳು ಇರುವುದು ಆ ಮರಕ್ಕೊಂದೇ. ಅತ್ತೆ ಸಾಕಿದ ಎಮ್ಮೆಗರುಗಳು ಮಲಗುವುದೂ ಅಲ್ಲೇ. ಇವರಿಗೆ ಬೇರೆ ನೆಲ ಸಿಗಲಿಲ್ಲವೇ?

"ಇಲ್ಯಾಕೆ ತೋಡ್ತಿದ್ದೀರಿ? ಅತ್ತೆ ಇಲ್ಲಿ ಬ್ಯಾಡ ಅಂದಿದ್ರು!"

ಕೈಲಾಂಚದ ಸುತ್ತಲ ಹಳ್ಳಿಗಳಲ್ಲಿ ಯಾರು ಸತ್ತರೂ ಶಾಸ್ತ್ರ ಹೇಳಲು ಮೊದಲು ಬರುವವರು ಮುನಿರಾಮಯ್ಯ. ಗುಂಡಿಯ ಮೇಲೆ ನಿಂತಿದ್ದ ಅವರು ಎಲೆಅಡಿಕೆ ಉಗಿದು ಹೇಳಿದರು: "ಅಂಬುಜಮ್ಮ ಬದುಕೆಲ್ಲಾ ಈ ನೆರಳಲ್ಲೇ ಕಳುದ್ಲು ಕಣವ್ವ. ಇಲ್ಲೇ ಮಲೀಕಳ್ಳಿ. ನಿನ್ ಗಂಡಂದೇ ತೀರ್ಮಾನ."

ಗಂಡ ಮನೋಹರ್ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡು ಬಂದ. "ಅವ್ವಂಗೆ ನಾನು ಮಾಡೋದು ಇದೊಂದೇ. ಅಡ್ಡ ಬರಬ್ಯಾಡ."

"ಅಡ್ಡ ಬತ್ತಿಲ್ಲ ಕಣ್ರೀ. ಅವರೇ ನನ್ನ ಕುಟೆ..."

"ಹೆಣ ಮುಂದಿಟ್ಕಂಡು ಜಗಳಾನಾ? ನೀರ್ ತಗಂಡೋಗು."

ಗಂಡಸರಿಗೆ ಕಣ್ಣಲ್ಲಿ ನೀರು ಬಂದರೆ ಕಿವಿ ಮುಚ್ಚಿಹೋಗುತ್ತದೆ. ಪ್ರತಿಮಾ ಹಲ್ಲು ಕಚ್ಚಿಕೊಂಡು ದಾರಿಗೆ ಮರಳಿ ಕೊಡ ಎತ್ತಿದಳು.

*

ಅಂಬುಜಮ್ಮ ಮದುವೆಯಾಗಿ ಬಂದಾಗ ಆ ತೋಪು ಬರೀ ಕಲ್ಲುಬೋರೆ. ಹೊಂಗೆಬೀಜ ಊರಿ, ಸೊಂಟದ ಮೇಲೆ ನೀರು ಹೊತ್ತು ಮರ ಮಾಡಿದ್ದು ಅವಳೇ. ಡೇರಿಗೆ ಹಾಲು ಹಾಕುವವರಿಗೆ ಎಮ್ಮೆ ಬೇಕು, ಅದರ ಕರು ಬೇಡ. ಕೆಚ್ಚಲಿಂದ ಎಳೆದು ಬಿಸಿಲಿಗೆ ಕಟ್ಟಿದ, ಮೂಳೆ ಎದ್ದ ಕರುಗಳನ್ನು ಅವಳು ವಾರಕ್ಕೆ, ಅಂದರೆ ಪಾಲಿನ ಕರಾರಿಗೆ, ತಂದು ಸಾಕುತ್ತಿದ್ದಳು. ಕರು ಬೆಳೆದು ಈದರೆ ಎಮ್ಮೆ ಒಡೆಯರಿಗೆ, ಹುಟ್ಟಿದ ಕರು ಇವಳಿಗೆ. ಜನ್ಮವಿಡೀ ಸಾಕಿದರೂ ಇವಳ ಪಾಲಿಗೆ ಹಾಲು ದಕ್ಕಿದ್ದು ಅಷ್ಟಕ್ಕಷ್ಟೇ. "ನಮ್ಮನೇದು ಎಮ್ಮೆ ಅಂಗನವಾಡಿ ಕಣ್ಲಾ" ಎಂದು ಗಂಡ ಬೈರಪ್ಪ ಸಿಕ್ಕವರಿಗೆಲ್ಲ ಹೇಳಿ ಹಂಗಿಸುತ್ತಿದ್ದರು.

ಹೋದ ಬೇಸಗೆಯಲ್ಲಿ ಇದೇ ಮರದಡಿ ಕರುವೊಂದರ ಕಿವಿಯಿಂದ ಉಣ್ಣೆಹುಳ ಕೀಳುತ್ತಾ ಅವಳು ಸೊಸೆಗೆ ಹೇಳಿದ್ದಳು:

"ಎಮ್ಮೆ ಜಾತಿ ಬಿಸಿಲು ತಡಿಯಕ್ಕಿಲ್ಲ ಕಣವ್ವ. ನಾನ್ ಸತ್ರೆ ಇಲ್ ಮಾತ್ರ ಹಾಕ್ಬ್ಯಾಡ್ರಿ. ನಿನ್ ಗಂಡ ಪ್ರೀತಿ ಉಕ್ಕಿ ಕಂಬ ನೆಟ್ಟು ತಂತಿ ಎಳೆಸಿಬುಡ್ತಾನೆ. ಆಮೇಕೆ ಇವು ಎಲ್ಲೋಗಬೇಕು?"

"ಬುಡ್ತು ಅನ್ನಿ ಅತ್ತೆ!"

"ಹೊಲದಲ್ಲಿ ನಮ್ಮತ್ತೆ ಪಕ್ಕ ಹಾಕ್ರಿ. ಅವಳ ಕುಟೆ ಜಗಳ ಒಸಿ ಬಾಕಿ ಐತೆ."

ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

*

ಪ್ರತಿಮಾ ಕೊನೆಗೆ ಬೈರಪ್ಪನವರ ಕಾಲ ಬಳಿ ಕೂತಳು. "ಮಾವ, ನೀವಾದ್ರೂ ಒಂದ್ಮಾತು ಹೇಳಿ."

ಅವರು ಹೆಂಡತಿಯ ಮುಖದಿಂದ ಕಣ್ಣು ತೆಗೆಯಲಿಲ್ಲ. "ಇವಳು ಯಾವತ್ತು ನನ್ ಮಾತು ಕೇಳಿದ್ಲು? ಇನ್ನು ಅವನು ಕೇಳ್ತಾನಾ? ಬುಡವ್ವ."

ಹೂತದ್ದಾಯಿತು. ಮಣ್ಣಿನ ಮೇಲೆ ಚೆಂಡುಹೂವಿನ ಹಾರ ಇಟ್ಟರು. ನರಿ ಕೆದಕಬಾರದೆಂದು ಮರದ ಸುತ್ತ ಜಾಲಿಮುಳ್ಳು ಒಟ್ಟಿದರು. "ಮಗ ಅಂದ್ರೆ ಇಂಗಿರಬೇಕು" ಎಂದು ಬಂದವರೆಲ್ಲ ಹೊಗಳಿದರು. ಪ್ರತಿಮಾಗೆ ಮೈ ಉರಿಯಿತು.

"ತಿರುಗಿ ನೋಡ್ಬ್ಯಾಡ್ರಿ, ನಡೀರಿ" ಎಂದರು ಮುನಿರಾಮಯ್ಯ. ಮಣ್ಣು ಮಾಡಿ ಬರುವಾಗ ತಿರುಗಿ ನೋಡುವ ಪದ್ಧತಿ ಇಲ್ಲ. ಅಷ್ಟು ಜನರೂ ತಲೆ ಬಗ್ಗಿಸಿ ಮನೆ ಕಡೆ ನಡೆದರು.

ಕೊಟ್ಟಿಗೆಯಲ್ಲಿ ಕರುಗಳು ಬೆಳಗಿನಿಂದ ಅರಚಿ ಗಂಟಲು ಕಟ್ಟಿಸಿಕೊಂಡಿದ್ದವು. ಪ್ರತಿಮಾ ಹಗ್ಗ ಬಿಚ್ಚಿದಳು. ಅವು ನೇರ ದೊಡ್ಡ ಹೊಂಗೆಯತ್ತ ಓಡಿ, ಮುಳ್ಳಿನ ಹೊರಗೆ ಸುಡುವ ಬಿಸಿಲಲ್ಲಿ ನಿಂತುಬಿಟ್ಟವು. ಎಲ್ಲಕ್ಕಿಂತ ಚಿಕ್ಕದು ಮೂತಿ ತೂರಿಸಿತು. ಚುಚ್ಚಿಸಿಕೊಂಡು ಹಿಂದೆ ಸರಿಯಿತು. ಮತ್ತೆ ತೂರಿಸಿತು.

ಜಗಲಿಯಲ್ಲಿ ಮನೋಹರ್ ಫೋನು ಹಿಡಿದಿದ್ದ. "ಕಲ್ಲುಕಂಬ, ತಂತಿ ಎರಡೂ ನಾಳೇನೇ ಕಳ್ಸಪ್ಪ. ನಾಯಿ ನರಿ, ದನ ಕರ ಯಾವ್ದೂ ಅವ್ವನ ತಾವ ಸುಳೀಬಾರ್ದು."

ಪ್ರತಿಮಾ ಸೆರಗು ಸೊಂಟಕ್ಕೆ ಸಿಕ್ಕಿಸಿ ತೋಪಿಗೆ ನಡೆದಳು.

"ಏ, ಇವತ್ತು ಮತ್ತೆ ಅಲ್ಲಿಗೋಗಬಾರ್ದು ಕಣವ್ವ!" ಮುನಿರಾಮಯ್ಯ ಕೂಗಿದರು.

ಅವಳು ಮುಳ್ಳಿಗೆ ಕೈ ಹಾಕಿದಳು. ಒಂದೊಂದೇ ಕೊಂಬೆ ಎಳೆದು ತಂದು, ಕಳ್ಳಿಬೇಲಿಗಳ ನಡುವೆ ಮನೆಯಿಂದ ತೋಪಿಗೆ ಬರುವ ಒಂದೇ ಕಾಲುದಾರಿಗೆ ಅಡ್ಡ ಎಸೆದಳು. ಅಂಗೈಯಿಂದ ರಕ್ತ ಬಂತು, ಬಾಯಿಂದ ಬೈಗುಳ ಬಂತು, ಕಡೆಗೆ ಅಳುವೂ ಬಂತು. ಅಳಲು ಹೋದಳೆಂದುಕೊಂಡಿದ್ದ ಗಂಡಸರು ವಿಷಯ ತಿಳಿದು ಓಡಿಬರುವಷ್ಟರಲ್ಲಿ ದಾರಿ ಎದೆಮಟ್ಟ ಮುಚ್ಚಿತ್ತು.

ಚಿಕ್ಕ ಕರು ಹಸಿಮಣ್ಣಿನ ಮೇಲೆ ಕಾಲು ಮಡಿಸಿ ಮಲಗಿ, ಚೆಂಡುಹೂವಿನ ಹಾರವನ್ನು ಮೆಲ್ಲಗೆ ಅಗಿಯುತ್ತಿತ್ತು. ಮುಳ್ಳಿನಾಚೆ, ಬಿಸಿಲಲ್ಲಿ, ಗಂಡಸರು ನಿಂತಿದ್ದರು.